ಅರ್ಧ ದಾರಿಯ ಕಾರು

ಕಾರ್ನಿ ಟೇವ್ಸ್ ಹಳೇ ಕಾರು ಕೊಳ್ಳಲು ಹೋದರೆ ಮೊದಲು ಮಾಡುವ ಕೆಲಸ ಕಣ್ಣು ಮುಚ್ಚುವುದು. ಬಾನೆಟ್ ಎತ್ತಿಸುತ್ತಾನೆ, ಇಂಜಿನ್ ಚಾಲೂ ಮಾಡಿಸುತ್ತಾನೆ, ಅಂಚಿಗೆ ಅಂಗೈ ಊರಿ, ನಾಡಿ ಹಿಡಿದ ವೈದ್ಯನ ಹಾಗೆ ಕಣ್ಣು ಮುಚ್ಚಿ ನಿಂತುಬಿಡುತ್ತಾನೆ. ಮಾರುವವನು ಎಷ್ಟೇ ಬಾಯಿ ಬಡಿದುಕೊಳ್ಳಲಿ, ಇವನ ಕಿವಿಗೆ ಬೀಳುವುದು ಇಂಜಿನ್ನಿನ ಮಾತು ಮಾತ್ರ. ಕಣ್ಣು ಬಿಟ್ಟು 'ಹೂಂ' ಅಂದರೆ ಕೊಂಡ ಹಾಗೆ, ಟೋಪಿ ಸರಿಮಾಡಿಕೊಂಡರೆ ಬಿಟ್ಟ ಹಾಗೆ. ಮ್ಯಾನಿಟೋಬಾ ಎಂಬ ಹಿಮದ ಸೀಮೆಯ ದಕ್ಷಿಣದ ಹಳ್ಳಿಗಳಲ್ಲಿ ಟ್ರ್ಯಾಕ್ಟರು, ಟ್ರಕ್ಕು ರಿಪೇರಿ ಮಾಡಿಕೊಂಡೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು, ಅವನ ಕಿವಿಯ ಮೇಲೆ ಊರಿಗೆಲ್ಲ ನಂಬಿಕೆ.

ಅಂಥವನಿಗೆ ಅವನ ಹೆಂಡತಿ ಸುಸಾನಾ ಒಂದು ದಿನ ತಿಂಡಿಯ ಹೊತ್ತಿಗೆ, ನಾವು ಈ ಸಲ ಕರೆಂಟಿನ ಕಾರು ಕೊಳ್ಳೋಣ ಎಂದಳು. ಕಾರ್ನಿ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದ.

"ಸದ್ದೇ ಮಾಡದೇ ಇರೋ ಕಾರನ್ನ ಹೆಂಗೆ ನಂಬೋದು ಸೂಸಿ? ಮಾತೇ ಆಡದ ಅಳಿಯ ಇದ್ದ ಹಾಗೆ ಅದು. ಹೊಟ್ಟೇಲಿ ಏನಿಟ್ಟುಕೊಂಡಿದೆ ಅಂತ ಗೊತ್ತಾಗಲ್ಲ."

ಆದರೆ ಬೇರೆ ದಾರಿ ಇರಲಿಲ್ಲ. ಎರಡು ಚಳಿಗಾಲದ ಹಿಂದೆ ಕಾರ್ನಿಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಅಂದಿನಿಂದ ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿ, ತೋಳಿಗೆ ಕೊಳವೆ ಚುಚ್ಚಿಸಿಕೊಂಡು, ರಕ್ತ ತೊಳೆಯುವ ಯಂತ್ರದ ಪಕ್ಕ ಅರ್ಧ ದಿನ ಕೂರಬೇಕು. ದಾರಿ ದೂರ. ಆ ದಾರಿಯಲ್ಲಿ ಓಡಿ ಓಡಿ ಅವರ ಹಳೇ ವ್ಯಾನು ಈ ನವೆಂಬರಿನಲ್ಲಿ ಕೈಕೊಟ್ಟಿತು. ಕಾರ್ನಿಯೇ ಬಾನೆಟ್ ಎತ್ತಿ ನೋಡಿ, ಮೆಲ್ಲಗೆ ಮುಚ್ಚಿದ. ಪಕ್ಕದಲ್ಲಿ ನಿಂತಿದ್ದ ಸುಸಾನಾಗೆ ಸಾವಿನ ಮನೆಯ ನೆನಪಾಯಿತು.

ಆಮೇಲೆ ಅವರ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಚರ್ಚಿನವರು ಸರದಿ ಹಾಕಿಕೊಂಡು ಕರೆದೊಯ್ಯತೊಡಗಿದರು. ಯಾರೂ ಒಂದು ಮಾತು ಗೊಣಗಲಿಲ್ಲ. ತಾಪತ್ರಯ ಇದ್ದದ್ದೇ ಅಲ್ಲಿ. ಅವರ ಜನರಿಗೆ ಕೊಡುವುದೆಂದರೆ ನೀರು ಕುಡಿದಷ್ಟು ಸುಲಭ, ತೆಗೆದುಕೊಳ್ಳುವುದೆಂದರೆ ಮುಳ್ಳು ನುಂಗಿದ ಹಾಗೆ. ಊರಿನವರ ಯಂತ್ರಗಳನ್ನೆಲ್ಲ ಬದುಕಿಸಿದ ಕಾರ್ನಿ ಈಗ ಅವರ ಕಾರುಗಳ ಹಿಂದಿನ ಸೀಟಿನಲ್ಲಿ, ಟೋಪಿ ಮಡಿಲಲ್ಲಿ ಇಟ್ಟುಕೊಂಡು, ಬಂದ ನೆಂಟನ ಹಾಗೆ ಮುದುಡಿ ಕೂರುತ್ತಿದ್ದ. ಸುಸಾನಾಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ಭಾನುವಾರ ಅವನು ಕಿಟಕಿಯಿಂದ ತನ್ನ ರಿಪೇರಿ ಶೆಡ್ಡನ್ನೇ ನೋಡುತ್ತ ಹೇಳಿಬಿಟ್ಟ:

"ಮನೆ ಮಾರಿಬಿಡೋಣ. ಆಸ್ಪತ್ರೆ ಹತ್ರ ಫ್ಲ್ಯಾಟ್ ಖಾಲಿ ಇದೆಯಂತೆ. ಇನ್ನು ಯಾರ ಹಂಗೂ ಬೇಡ."

ಶೆಡ್ಡು ಇಲ್ಲದ ಕಾರ್ನಿ ಎಷ್ಟು ದಿನ ಬಾಳಿಯಾನು? ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ಕಾರುಗಳ ಸದ್ದಿಗೆ ಕಿವಿ ಕೊಡುವ ಗಂಡನನ್ನು ಸುಸಾನಾ ಮನಸ್ಸಿನಲ್ಲೇ ಕಂಡಳು. ಕ್ರಿಸ್‌ಮಸ್ ತನಕ ಸುಮ್ಮನಿರು, ಅಷ್ಟರಲ್ಲಿ ನಮ್ಮದೇ ಕಾರು ಆಗದಿದ್ದರೆ ನೀನು ಹೇಳಿದ ಹಾಗೆ ಎಂದು ಮಾತು ಕೊಟ್ಟಳು. ಪೆಟ್ರೋಲು ಕುಡಿಯುವ ಕಾರು ಅವರ ಕೈಗೆ ಎಟುಕುವಂತಿರಲಿಲ್ಲ. ಎಟುಕಿದವು ಸತ್ತ ವ್ಯಾನಿನ ಅಣ್ಣತಮ್ಮಂದಿರೇ. ಕರೆಂಟು ಮಾತ್ರ ಅಲ್ಲಿ ಅಗ್ಗ. ಹಾಗಾಗಿ ಹಳೇ ಕರೆಂಟಿನ ಕಾರಿನ ಬೇಟೆ ಶುರುವಾಯಿತು.

ಮೊದಲು ಹೆದ್ದಾರಿ ಪಕ್ಕದ ಹಳೇ ಕಾರಿನ ಅಂಗಡಿಗೆ ಹೋದರು. ಇಸ್ತ್ರಿ ಮಾಡಿದ ಅಂಗಿಯ ಮಾರಾಟಗಾರ ಒಂದು ಬಿಳಿ ಕಾರಿನ ಬಾಗಿಲು ತೆರೆದು ಹಲ್ಲು ಬಿಟ್ಟ. ಕಾರ್ನಿ, ಚಾಲೂ ಮಾಡು ಎಂದ. ಆಗಲೇ ಚಾಲೂ ಆಗಿದೆ ಸರ್ ಎಂದ ಅವನು. ಕಾರ್ನಿ ನಂಬಲಿಲ್ಲ. ಬಾನೆಟ್ ಎತ್ತಿಸಿ, ಅಂಗೈ ಊರಿ, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಮಾರಾಟಗಾರ ಸುಸಾನಾಳ ಕಡೆ ಬಗ್ಗಿ, ಅವರು ಪ್ರಾರ್ಥನೆ ಮಾಡ್ತಿದಾರಾ ಎಂದು ಪಿಸುಗುಟ್ಟಿದ. ಸುಸಾನಾ ಹೂಂ ಎಂದಳು, ಇನ್ನೇನು ತಾನೆ ಹೇಳುತ್ತಾಳೆ. ಕಾರ್ನಿ ಟೋಪಿ ಸರಿಮಾಡಿಕೊಂಡ.

ಇನ್ನೊಂದು ಕಾರು ಪಕ್ಕದೂರಿನ ಮೇಷ್ಟರದು. ಅವನು ತನ್ನ ಕಾರನ್ನು ಹೊಗಳಿದ್ದೂ ಹೊಗಳಿದ್ದೇ. ಅವರ ಜನರಲ್ಲಿ ತನ್ನ ವಸ್ತುವನ್ನು ತಾನೇ ಹೊಗಳಿಕೊಳ್ಳುವುದು ಮರ್ಯಾದಸ್ತರ ಲಕ್ಷಣವಲ್ಲ. ಮಾರುವವನು ಮೊದಲು ಹುಳುಕೆಲ್ಲ ಹೇಳಬೇಕು, ಕೊಳ್ಳುವವನು ಛೆ ಛೆ ಅಷ್ಟೇನೂ ಕೆಟ್ಟದಿಲ್ಲ ಅನ್ನಬೇಕು. ಗಂಡ ಹೆಂಡತಿ ಇಬ್ಬರೂ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದರು.

ಹೀಗೆ ಡಿಸೆಂಬರು ಅರ್ಧ ಕಳೆಯಿತು. ಆಗ ಊರಿನ ಸಹಕಾರಿ ಅಂಗಡಿಯ ಬೋರ್ಡಿನಲ್ಲಿ ಸುಸಾನಾಗೆ ಒಂದು ಚೀಟಿ ಕಾಣಿಸಿತು. ವಯಸ್ಸಾದವರ ಕೈಬರಹ. 'ಕರೆಂಟಿನ ಕಾರು. ನೀಲಿ. ಓಡುತ್ತದೆ.' ಕೆಳಗೆ ಬೆಲೆ, ಫೋನ್ ನಂಬರು. ಅಷ್ಟೇ. ಇದು ನಮ್ಮವರ ಕಾರು ಎಂದು ಸುಸಾನಾಗೆ ಓದಿದೊಡನೆ ಅನ್ನಿಸಿತು.

ಫೋನು ಎತ್ತಿದವಳು ಗ್ರೇಟಾ ಹೆಪ್ನರ್ ಎಂಬ ಮುದುಕಿ. ಪಟ್ಟಣದ ದಾರಿಯಲ್ಲೇ, ಅರ್ಧಕ್ಕಿಂತ ತುಸು ಈಚೆಗೆ ಅವಳ ಹೊಲಮನೆ. ಕಣ್ಣು ಮಂಜಾಗಿ ಲೈಸೆನ್ಸು ಹೋಗಿದೆ, ಅದಕ್ಕೆ ಮಾರುತ್ತಿದ್ದೇನೆ ಎಂದಳು. ಕಾರಿನ ವಿಷಯ ಬರುವ ಮೊದಲು ನೀನು ಯಾರ ಪೈಕಿ ಎಂಬ ವಿಚಾರಣೆ ಆಯಿತು. ಯಾವ ಟೇವ್ಸ್, ಗಿರಣಿ ಟೇವ್ಸರೋ ಜೇನು ಟೇವ್ಸರೋ, ಅಮ್ಮನ ಕಡೆಯವರು ಯಾರು, ಅವರು ಯಾವ ಹಳ್ಳಿ. ಅಗೆದೂ ಅಗೆದೂ ಕಡೆಗೆ ಕಾರ್ನಿಯ ಅಜ್ಜಿಯೂ ಗ್ರೇಟಾಳ ತಾಯಿಯೂ ದಾಯಾದಿ ಅಕ್ಕತಂಗಿಯರು ಎಂದು ಇತ್ಯರ್ಥವಾದ ಮೇಲೆ ಕಾರಿನ ಬಾಗಿಲು ತೆರೆದ ಹಾಗಾಯಿತು. ಸುಸಾನಾ ಅವಳನ್ನು ಟಾಂಟೆ ಗ್ರೇಟಾ ಎಂದಳು. ಅವರ ಭಾಷೆಯಲ್ಲಿ ಟಾಂಟೆ ಎಂದರೆ ಚಿಕ್ಕಮ್ಮ. ಯಾವುದಕ್ಕೆ ಕಾರು ಎಂದು ಮುದುಕಿ ಕೇಳಿದಳು, ಸುಸಾನಾ ಡಯಾಲಿಸಿಸ್ ವಿಷಯ ಹೇಳಿದಳು. ವಾರದಲ್ಲಿ ಯಾವ ಯಾವ ದಿನ ಎಂದು ಮುದುಕಿ ವಿಚಾರಿಸಿದಳು.

ಆಮೇಲೆ ಗ್ರೇಟಾ, ಆಸ್ಪತ್ರೆಯ ದಿನವೇ ಬನ್ನಿ, ಒಂದು ದಿನ ಇಟ್ಟುಕೊಂಡು ಓಡಿಸಿ ನೋಡಿ ಎಂದಳು.

ಆ ದಿನ ಬೆಳಿಗ್ಗೆ ಸರದಿ ಎಡ್ ಫಂಕ್‌ನದು. ಎಡ್ ಒಳ್ಳೆಯವನು, ಬಾಯಿಗೆ ಮಾತ್ರ ಬಾಗಿಲಿಲ್ಲ. ಅವನು ಇವರನ್ನು ಗ್ರೇಟಾಳ ಅಂಗಳದಲ್ಲಿ ಇಳಿಸಿ, ಕಾರು ಕೈಕೊಟ್ಟರೆ ಫೋನು ಮಾಡಿ, ನಾನಿದ್ದೇನಲ್ಲ ಎಂದು ಎರಡೆರಡು ಸಲ ಹೇಳಿ ಹೋದ. ಕಾರ್ನಿಯ ಮುಖ ಅಲ್ಲೇ ಬಿಗಿಯಿತು. ಚಳಿಯೋ ಚಳಿ, ಉಸಿರು ಹುಬ್ಬಿನ ಮೇಲೇ ಹೆಪ್ಪುಗಟ್ಟುತ್ತಿತ್ತು. ಶೆಡ್ಡಿನಲ್ಲಿ ನಿಂತಿದ್ದ ಪುಟ್ಟ ನೀಲಿ ಕಾರಿನ ಹುಳುಕನ್ನೆಲ್ಲ ಗ್ರೇಟಾ ಒಂದೊಂದಾಗಿ ತೋರಿಸಿದಳು. ಹಿಂದಿನ ಬಾಗಿಲು ಒದ್ದರೇ ಹಾಕಿಕೊಳ್ಳುವುದು, ಬ್ಯಾಟರಿಗೆ ವಯಸ್ಸಾಗಿದೆ, ಚಳಿಗೆ ಇನ್ನೂ ಮುದುಡುತ್ತದೆ.

"ಹಾಸಿಗೆ ಇದ್ದಷ್ಟು ಕಾಲು ಚಾಚೋ ಕಾರಿದು. ಅದರಾಚೆ ಎಳೀಬೇಡಿ," ಎಂದಳು. "ಬರುವಾಗ ಇಲ್ಲಿಗೇ ಬನ್ನಿ. ಫಾಸ್ಪಾ ಮಾಡಿಕೊಂಡು ಹೋಗುವಿರಂತೆ."

ಫಾಸ್ಪಾ ಎಂದರೆ ಅವರಲ್ಲಿ ಮಧ್ಯಾಹ್ನದ ಕಾಫಿ, ಬನ್ನು, ಜಾಮು. ಊರಲ್ಲಿ ಯಾರ ಮನೆಯಿಂದ ಹೊರಟರೂ ಈ ಮಾತು ಇದ್ದದ್ದೇ, ಬೇಡ ಬೇಡ ನಿಮಗ್ಯಾಕೆ ತೊಂದರೆ ಎಂಬ ಉತ್ತರವೂ ಇದ್ದದ್ದೇ. ಸುಸಾನಾ ಬೇಡ ಎಂದಳು. ಗ್ರೇಟಾ ಮತ್ತೆ ಕರೆದಳು. ಕಾರ್ನಿ ಬೇಡ ಎಂದ. ಗ್ರೇಟಾ ಮೂರನೇ ಸಲ ಕರೆದಳು, ಇಬ್ಬರೂ ಸೇರಿ ಬೇಡ ಎಂದರು. ಮೂರು ಸಲ ಆದ ಮೇಲೆ ಒತ್ತಾಯ ಮಾಡುವ ಹಾಗಿಲ್ಲ. ಮುದುಕಿ ಬಾಯಿ ಮುಚ್ಚಿಕೊಂಡು ಕೀಲಿ ಕೊಟ್ಟಳು.

ಕಾರು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಸುಸಾನಾಗೆ ಖುಷಿ. ಕಾರ್ನಿ ಮಾತ್ರ ತಲೆ ಓರೆ ಮಾಡಿಕೊಂಡು ಏನಾದರೂ ಕೇಳೀತೇ ಎಂದು ಕಾದೇ ಕಾದ. ಆಸ್ಪತ್ರೆ ತಲುಪಿದಾಗ ಅಂಗಳದಲ್ಲಿ ಪ್ರತಿ ಕಾರಿನ ಜಾಗಕ್ಕೂ ಒಂದೊಂದು ಕಂಬ, ಕಂಬಕ್ಕೊಂದು ಪ್ಲಗ್ಗು, ಎಂದಿನ ಹಾಗೆ. ಆ ಸೀಮೆಯಲ್ಲಿ ಚಳಿಗಾಲಕ್ಕೆ ಪೆಟ್ರೋಲು ಕಾರಿಗೂ ವೈರು ಸಿಕ್ಕಿಸಿ ಇಂಜಿನ್ ಬೆಚ್ಚಗಿಡದಿದ್ದರೆ ಸಂಜೆ ಅದು ಕಲ್ಲಾಗಿರುತ್ತದೆ. ಆ ದಿನ ಮೊದಲ ಸಲ ಕಾರ್ನಿ ನಕ್ಕ.

"ಕಾರಿಗೆ ಕರೆಂಟು ಕೊಡೋದನ್ನ ನಮಗೆ ಹೇಳಿಕೊಡಬೇಕಾ ಸೂಸಿ? ಹುಟ್ಟಿದಾಗಿಂದ ಅದನ್ನೇ ಮಾಡಿಕೊಂಡು ಬಂದಿದೀವಿ. ಲೋಕಕ್ಕೆ ಈಗ ಬುದ್ಧಿ ಬಂದಿದೆ ಅಷ್ಟೆ."

ಠೀವಿಯಿಂದ ವೈರು ಸಿಕ್ಕಿಸಿ ಒಳಗೆ ಹೋದ. ಕಿಟಕಿ ಪಕ್ಕದ ಕುರ್ಚಿ ಸಿಕ್ಕಿತು. ಸುಸಾನಾ ಅವನ ಬದಿಯಲ್ಲಿ ಕೂತು ಕಾಲುಚೀಲ ಹೆಣೆದಳು. ಯಂತ್ರ ಗಂಡನ ರಕ್ತ ತೊಳೆಯುತ್ತಿತ್ತು, ಹೊರಗೆ ಕಾರಿನ ಹೊಟ್ಟೆ ತುಂಬುತ್ತಿತ್ತು. ಈ ಕ್ರಿಸ್‌ಮಸ್ಸಿಗೆ ಮನೆಯಲ್ಲೇ ಇರುತ್ತೇವೆ ಎಂದುಕೊಂಡಳು. ಹೆಣಿಗೆ ಬೇಗ ಬೇಗ ಸಾಗಿತು.

ಹೊರಗೆ ಬಂದು ನೋಡಿದರೆ ಬ್ಯಾಟರಿಯ ಮೀಟರು ಬೆಳಿಗ್ಗೆ ಬಿಟ್ಟಲ್ಲಿಂದ ಎದ್ದೇ ಇಲ್ಲ. ಸುಸಾನಾ ಎರಡು ಸಲ ಕಣ್ಣುಜ್ಜಿಕೊಂಡಳು. ಕಾರ್ನಿ ಕಂಬದ ಹತ್ತಿರ ಹೋದ. ಅದರ ದೀಪ ಆರಿತ್ತು. ಅವನು ನೋಡುತ್ತಿದ್ದ ಹಾಗೇ ಟಕ್ಕೆಂದು ಹತ್ತಿತು. ಕಾರ್ನಿ ಹಣೆ ಚಚ್ಚಿಕೊಂಡ.

"ಥೂ, ನನ್ನಂಥ ಪೆದ್ದ. ಈ ಕಂಬಗಳು ಸ್ವಲ್ಪ ಹೊತ್ತು ಇರ್ತವೆ, ಸ್ವಲ್ಪ ಹೊತ್ತು ಹೋಗ್ತವೆ ಸೂಸಿ. ಕರೆಂಟು ಉಳಿಸೋಕೆ. ಇಂಜಿನ್ ಬೆಚ್ಚಗಿಡೋಕೆ ಅಷ್ಟು ಸಾಕು. ನನಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತು."

ಗೊತ್ತಿದ್ದೂ ಹೊಳೆದಿರಲಿಲ್ಲ. ಕಾರು ನಾಲ್ಕಾರು ಸಲ ಬಾಯಿ ತೆರೆದು, ತಟ್ಟೆ ಎಳೆದುಕೊಂಡರೆಂದು ಸಿಟ್ಟಾದ ಮಗುವಿನ ಹಾಗೆ ಊಟ ಬಿಟ್ಟಿತ್ತು. ಪಟ್ಟಣದ ಇನ್ನೊಂದು ತುದಿಯಲ್ಲಿ ಚಾರ್ಜು ಮಾಡುವ ಜಾಗವೊಂದಿದೆ ಎಂದು ಯಾರೋ ಹೇಳಿದರು. ಅಲ್ಲಿಗೆ ಹೋದರೆ ಹಿಮ ಗುಡಿಸಿದವರು ಗುಡ್ಡೆಯನ್ನು ಸರಿಯಾಗಿ ಅದರ ಮುಂದೆಯೇ ಹಾಕಿದ್ದರು. ಅಲ್ಲಿ ಮಾಡಲು ಇನ್ನೇನೂ ಇರಲಿಲ್ಲ, ಮನೆಯ ದಾರಿ ಹಿಡಿದರು.

ಹೀಟರು ಹಾಕಿದರೆ ಮೀಟರು ಇಳಿಯುತ್ತದೆ. ಸುಸಾನಾ ಅದನ್ನು ಆರಿಸಿ, ಹಿಂದಿನ ಸೀಟಿನಲ್ಲಿದ್ದ ಕೌದಿಯನ್ನು ಕಾರ್ನಿಗೆ ಕುತ್ತಿಗೆಯ ತನಕ ಹೊದಿಸಿದಳು. ರಕ್ತ ತೊಳೆಸಿಕೊಂಡ ದಿನ ಅವನಿಗೆ ಬೇಸಿಗೆಯಲ್ಲೂ ಚಳಿ. ಸಂಜೆಯ ಬೆಳಕು ಹಿಮದ ಮೇಲೆ ನೀಲಿಗಟ್ಟುತ್ತಿತ್ತು. ಎರಡು ಕಡೆಯೂ ಬಯಲು, ನಡುವೆ ನೇರ ರಸ್ತೆ.

"ಸೂಸಿ," ಎಂದ ಕಾರ್ನಿ ಕೌದಿಯೊಳಗಿಂದ, "ನೀನು ಗುನುಗ್ತೀಯ."

"ನಾನಾ? ಇಲ್ಲಪ್ಪ."

"ಗುನುಗ್ತೀಯ. ಚರ್ಚಿನ ಹಾಡು. ಹೋಗುವಾಗಲೂ ಗುನುಗಿದೆ, ನಾನು ಕಾರಿನ ಸದ್ದೇನೋ ಅಂದುಕೊಂಡೆ. ಇಷ್ಟು ವರ್ಷ ಪಕ್ಕದಲ್ಲಿ ಕೂತಿದೀನಿ, ಇಂಜಿನ್ ಗದ್ದಲದಲ್ಲಿ ಒಂದು ದಿನಾನೂ ಕೇಳಿಸಿಲ್ಲ ನೋಡು."

ಸುಸಾನಾಳ ಕಣ್ಣು ತುಂಬಿ ರಸ್ತೆ ಮಸುಕಾಯಿತು. ಈ ಮನುಷ್ಯನನ್ನು ತಾನು ಎಷ್ಟು ಪ್ರೀತಿಸುತ್ತೇನೆ ಎಂದು ಅವಳಿಗೆ ಆ ಕೊರೆಯುವ ಕಾರಿನಲ್ಲಿ ಎದೆ ನೋಯುವಷ್ಟು ಅನ್ನಿಸಿತು. ಕಣ್ಣೊರೆಸಿಕೊಂಡು ಮೀಟರು ನೋಡಿದಳು. ಮನೆ ಮುಟ್ಟುವಷ್ಟು ಇರಲಿಲ್ಲ. ಪಕ್ಕದಲ್ಲಿ ಕಾರ್ನಿಯ ಹಲ್ಲು ಕಟಕಟ ಅನ್ನುತ್ತಿತ್ತು.

ಅವನೂ ನೋಡಿದ್ದ. ಎಡ್‌ಗೆ ಫೋನು ಮಾಡು, ಇನ್ನೇನು ಮಾಡೋದು ಎಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸೋಲಿತ್ತು. ಎಡ್‌ಗೆ ಫೋನು ಮಾಡಿದರೆ ಎಡ್ ಬರುತ್ತಾನೆ, ಖಂಡಿತ ಬರುತ್ತಾನೆ. ಭಾನುವಾರದೊಳಗೆ ಇಡೀ ಚರ್ಚಿಗೆ ಕಥೆಯಾಗುತ್ತದೆ, ಸೋಮವಾರ ಕಾರ್ನಿ ಮನೆಯ ಮುಂದೆ ಮಾರಾಟದ ಫಲಕ ನೆಡುತ್ತಾನೆ. ಸುಸಾನಾ ಫೋನು ಮುಟ್ಟಲಿಲ್ಲ. ಮುಂದೆ ದೂರದಲ್ಲಿ ಗ್ರೇಟಾ ಹೆಪ್ನರಳ ಅಂಗಳದ ದೀಪ ಕಾಣುತ್ತಿತ್ತು.

"ಬೇಡ ಸೂಸಿ. ಮೂರು ಸಲ ಬೇಡ ಅಂದು ಬಂದಿದೀವಿ. ಯಾವ ಮುಖ ಇಟ್ಕೊಂಡು ಹೋಗೋದು?"

"ಇದೇ ಮುಖ. ನನ್ನ ಹತ್ರ ಇನ್ನೊಂದಿಲ್ಲ," ಎಂದು ಸುಸಾನಾ ಕಾರು ತಿರುಗಿಸಿದಳು.

ಶೆಡ್ಡಿನ ಬಾಗಿಲು ಆಗಲೇ ತೆರೆದಿತ್ತು, ಒಳಗೆ ದೀಪ ಉರಿಯುತ್ತಿತ್ತು. ಕೋಟು ಹಾಕಿಕೊಂಡು ನಿಂತಿದ್ದ ಗ್ರೇಟಾ, ಎಲ್ಲಿ ಹೋಗಿದ್ದಿರಿ ಇಷ್ಟು ಹೊತ್ತು ಎಂದಳು, ಸಂತೆಗೆ ಕಳಿಸಿದ ಮಕ್ಕಳನ್ನು ಕೇಳುವ ಹಾಗೆ. ಗೋಡೆಯ ಮೇಲಿನ ದೊಡ್ಡ ಚಾರ್ಜರಿನಿಂದ ಹೆಬ್ಬೆರಳು ದಪ್ಪದ ವೈರು ಎಳೆದು, ಕಣ್ಣು ಕಾಣದಿದ್ದರೂ ತಡವರಿಸದೆ ಕಾರಿನ ಮೂತಿಗೆ ಸಿಕ್ಕಿಸಿದಳು. ಕಾಫಿ ಆರ್ತಾ ಇದೆ, ನಡೀರಿ ಎಂದು ಮುಂದೆ ನಡೆದಳು.

ಅಡುಗೆಮನೆಯ ಮೇಜಿನ ಮೇಲೆ ಮೂರು ತಟ್ಟೆ. ಒಂದರ ತಲೆ ಮೇಲೊಂದು ಕೂತ ಜೋಡಿ ಬನ್ನುಗಳು, ಪ್ಲಮ್ ಹಣ್ಣಿನ ಜಾಮು, ಸಾಸೇಜು. ಎರಡು ತಟ್ಟೆಗಳ ಪಕ್ಕ ದೊಡ್ಡ ಕಪ್ಪುಗಳು. ಮೂರನೆಯದರ ಪಕ್ಕ, ಗ್ರೇಟಾ ಕಾರ್ನಿಯನ್ನು ಕೂರಿಸಿದ ಕಡೆ, ಮಕ್ಕಳ ಆಟದ ಸಾಮಾನಿನಷ್ಟು ಪುಟ್ಟ ಬಟ್ಟಲು. ಅದರಲ್ಲಿ ನಾಲ್ಕು ಗುಟುಕು ಕಾಫಿ. ಅವನ ತಟ್ಟೆಯಲ್ಲಿ ಸಾಸೇಜು ಇರಲಿಲ್ಲ, ಸಿಪ್ಪೆ ಹೆರೆದ ಸೇಬಿನ ಹೋಳುಗಳಿದ್ದವು.

ಸುಸಾನಾ ಆ ಬಟ್ಟಲನ್ನೇ ನೋಡಿದಳು. ಯಾರ ಮನೆಗೆ ಹೋದರೂ ಅವಳು ಬಿಡಿಸಿ ಹೇಳಬೇಕು: ಇವನು ಹೆಚ್ಚು ನೀರು ಕುಡಿಯುವ ಹಾಗಿಲ್ಲ, ಉಪ್ಪು ಕೂಡದು, ಕಿತ್ತಳೆ ಕೂಡದು. ಹೇಳುವಷ್ಟು ಹೊತ್ತೂ ಕಾರ್ನಿ ತಲೆ ತಗ್ಗಿಸಿರುತ್ತಾನೆ. ಇಲ್ಲಿ ಯಾರೂ ಏನೂ ಕೇಳಿರಲಿಲ್ಲ.

"ಕಿಟಕಿ ಪಕ್ಕದ ಕುರ್ಚಿ ಕೊಟ್ಟರಾ?" ಎಂದಳು ಗ್ರೇಟಾ. "ಅದು ನನ್ನ ಗಂಡ ಹೆನ್ರಿದು. ಹೋದ ವರ್ಷದ ತನಕ ಅದೇ ಕಾರು, ಅದೇ ಕುರ್ಚಿ, ಇದೇ ಬಟ್ಟಲು. ಆ ಕಂಬಕ್ಕೆ ವೈರು ಸಿಕ್ಕಿಸಿ ನೀನೂ ಬೀಗಿರಬೇಕು, ಅವನೂ ಬೀಗಿದ್ದ. ನಾವು ಹುಟ್ಟಿದಾಗಿಂದ ಇದನ್ನೇ ಮಾಡ್ತಿದೀವಿ ಅಂದಿದ್ದ."

ಕಾರ್ನಿಯ ಕಿವಿ ಕೆಂಪಾಯಿತು. "ಒಂದು ಮಾತು ಹೇಳಬಾರದಿತ್ತಾ ಟಾಂಟೆ?"

"ಮೊದಲು ಬಂದೋರಿಗೆಲ್ಲ ಬಾಯಿ ಬಿಟ್ಟು ಹೇಳಿದೆ. ಈ ಚಳೀಲಿ ಕಾರು ನನ್ನ ಅಂಗಳದವರೆಗೆ ಬಂದೇ ಬರುತ್ತೆ, ಆಮೇಲೆ ದಣಿವಾರಿಸಿಕೊಳ್ಳದೆ ಹೋಗಲ್ಲ ಅಂತ. ಎದ್ದು ಹೋದರು. ನಿಮಗೆ ಫಾಸ್ಪಾಕ್ಕೆ ಬನ್ನಿ ಅಂದೆ. ಮೂರು ಸಲ ಅಂದೆ. ಎಲ್ಲರೂ ಬಾಯಿಮಾತಿಗೆ ಕರೀತಾರೆ, ನಾನು ನಿಜವಾಗಿ ಕರೆದಿದ್ದೆ."

ಕಾರ್ನಿ ಬಟ್ಟಲನ್ನು ತಿರುಗಿಸುತ್ತ ಕೂತ. ಅವನ ತಲೆಯಲ್ಲಿ ಏನು ನಡೆಯುತ್ತಿದೆ ಎಂದು ಸುಸಾನಾಗೆ ಗೊತ್ತಿತ್ತು. ಕೊನೆಗೆ ಬಾಯಿಬಿಟ್ಟ. ಕಾರೇನೋ ಒಳ್ಳೆಯದೇ, ಆದರೆ ಅದನ್ನು ಕೊಂಡರೆ ವಾರಕ್ಕೆ ಮೂರು ದಿನ ನಿಮ್ಮ ಬಾಗಿಲಿಗೆ ಬಂದು, ನಿಮ್ಮ ಕರೆಂಟು ಕುಡಿಸಿ, ನಿಮ್ಮ ಬನ್ನು ತಿಂದು ಹೋಗಬೇಕು. ಚಳಿ ಹೆಚ್ಚಾದ ದಿನ ಹೋಗುವಾಗಲೂ. ಯಾರಿಗೂ ಹೊರೆಯಾಗಬಾರದು ಎಂದೇ ಅಲ್ಲವೇ ಕಾರು ಹುಡುಕಿದ್ದು ಎಂದ.

ಗ್ರೇಟಾ ಜಾಮಿನ ಚಮಚ ಕೆಳಗಿಟ್ಟಳು.

"ಹೆನ್ರಿ ಹೋದಮೇಲೆ ನನಗೆ ಯಾರೂ ಹೊರೆ ಆಗಿಲ್ಲ ಕಾರ್ನಿ. ಒಬ್ಬರೂ ಇಲ್ಲ. ಚರ್ಚಿನವರು ಬರ್ತಾರೆ, ಹಿಮ ತೆಗೀತಾರೆ, ಕಾಫಿ ಅಂದ್ರೆ ಬೇಡ ಬೇಡ ಅಂತಾರೆ, ಹೋಗ್ತಾರೆ. ಎಲ್ಲರೂ ನನಗೆ ಕೊಡೋರೇ. ಅದು ಎಷ್ಟು ಕಷ್ಟ ಅಂತ ನಿನಗಾದ್ರೂ ಗೊತ್ತಿರಬೇಕಿತ್ತು."

ಕಾರ್ನಿ ಟೋಪಿಗೆ ಕೈ ಹಾಕಲಿಲ್ಲ. ಗ್ರೇಟಾ ಇನ್ನೊಂದು ಬನ್ನನ್ನು ಅವನ ತಟ್ಟೆಗೆ ಇಡುತ್ತ, ಬುಧವಾರ ಮತ್ತೆ ಆಸ್ಪತ್ರೆ ಅಲ್ಲವಾ, ಫಾಸ್ಪಾಕ್ಕೆ ಬನ್ನಿ ಎಂದಳು. ಕಾರ್ನಿಯ ಬಾಯಿ ಹುಟ್ಟುಗುಣದಿಂದ ತಾನಾಗಿ ತೆರೆಯಿತು. ಸುಸಾನಾ ಮೇಜಿನ ಕೆಳಗೆ ಅವನ ಕಾಲು ತುಳಿದಳು.

"ಬರ್ತೀವಿ," ಎಂದಳು, ಮೊದಲನೇ ಕರೆಗೇ. ಜನ್ಮದಲ್ಲಿ ಮೊದಲ ಸಲ ಹಾಗೆ ಅಂದದ್ದು. ನಾಚಿಕೆಯೂ ಆಯಿತು, ಹಗುರವೂ ಆಯಿತು.

ಕಾರ್ನಿ ಬನ್ನು ತಿಂದು ಮುಗಿಸಿದ ಮೇಲೆ ಗಂಟಲು ಸರಿಮಾಡಿಕೊಂಡ. "ಶೆಡ್ಡಿನ ಬಾಗಿಲು ಕಿರುಗುಟ್ಟುತ್ತೆ ಟಾಂಟೆ. ಮೇಲಿನ ಕೀಲು. ಬೆಳಿಗ್ಗೆನೇ ಕೇಳಿಸ್ತು. ಕಾರಿನ ಹಿಂದಿನ ಬಾಗಿಲನ್ನೂ ಒದೆಯೋದು ಬೇಡ, ಸರಿಮಾಡಿಕೊಡ್ತೀನಿ. ಬುಧವಾರ ಸಾಮಾನು ತರ್ತೀನಿ."

"ಅಯ್ಯೋ, ಬೇಡಪ್ಪ, ನಿನಗ್ಯಾಕೆ ತೊಂದರೆ," ಎಂದಳು ಗ್ರೇಟಾ. ಎಂದವಳೇ ತಾನೇ ನಕ್ಕುಬಿಟ್ಟಳು. ನಗುನಗುತ್ತಲೇ ಕಣ್ಣಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡಳು.

ಅವರು ಹೊರಡುವಾಗ ಅವಳು ಪಾತ್ರೆ ತೊಳೆಯುತ್ತಿದ್ದಳು. ದೊಡ್ಡ ಕಪ್ಪುಗಳನ್ನು ಬೀರುವಿನಲ್ಲಿಟ್ಟಳು. ಪುಟ್ಟ ಬಟ್ಟಲನ್ನು ಮಾತ್ರ ಒರೆಸಿ ಮೇಜಿನ ಮೇಲೆ, ಕಾರ್ನಿ ಕೂತಿದ್ದ ಕಡೆಯೇ, ಬೋರಲು ಹಾಕಿದ್ದನ್ನು ಸುಸಾನಾ ಬಾಗಿಲಿನಿಂದ ನೋಡಿದಳು.

ಕಾರಿನ ಹೊಟ್ಟೆ ಮನೆ ಮುಟ್ಟಲು ಸಾಕಾಗುವಷ್ಟು ತುಂಬಿತ್ತು. ಸುಸಾನಾ ಹೀಟರು ಪೂರ್ತಿ ಹಾಕಿದಳು. ರಸ್ತೆಗೆ ಬಂದ ಸ್ವಲ್ಪ ಹೊತ್ತಿಗೆ ಕಾರ್ನಿ ಕೌದಿಯಿಂದ ಕೈ ಹೊರಗೆ ತೆಗೆದು, ಕಾರಿನ ಮುಂಭಾಗದ ಹಲಗೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿದ.

"ಅದರಲ್ಲಿ ಏನೂ ಕೇಳಿಸಲ್ಲ ಕಾರ್ನಿ, ನೀನೇ ಹೇಳಿದ್ದೆ."

"ನೀನು ಗುನುಗು," ಎಂದ ಕಾರ್ನಿ ಕಣ್ಣು ಬಿಡದೆ.

ಸುಸಾನಾ ಗುನುಗತೊಡಗಿದಳು. ಒಂದು ಚರಣ ಮುಗಿಯುವ ತನಕ ಅವನು ಹಾಗೇ ಕೂತಿದ್ದ. ನಂತರ ಕಣ್ಣು ಬಿಟ್ಟು, "ಹೂಂ," ಎಂದ.